ಅಪ್‌ಡೇಟ್: ವೀಲ್‌ಚೇರ್‌ನಲ್ಲಿ ಅಮ್ಮನನ್ನು ಬೀಚ್‌ಗೆ ಕರೆದುಕೊಂಡು ಹೋಗಿ ಬಂದೆವು

ವೀಲ್‌ಚೇರ್‌ನಲ್ಲಿರುವ ಅಮ್ಮನನ್ನು ಬೀಚ್‌ಗೆ ಕರೆದುಕೊಂಡು ಹೋಗಬಹುದಾ, ಗಾಡಿ ಎಲ್ಲಿ ನಿಲ್ಲಿಸುವುದು, ಟಾಯ್ಲೆಟ್ ಇರುತ್ತಾ ಎಂದು ಕೇಳಿದ್ದೆ. ನಿನ್ನೆ ಹೋಗಿ ಬಂದೆವು.

ಬೆಳಿಗ್ಗೆ ಬೇಗ ಹೋಗಿ ಅಂದವರ ಮಾತು ಕೇಳಿದ್ದು ಒಳ್ಳೆಯದಾಯಿತು. ರ‍್ಯಾಂಪ್ ಪಕ್ಕದ ಮೀಸಲು ಪಾರ್ಕಿಂಗೇ ಸಿಕ್ಕಿತು. ವಾಪಸ್ ಹೊರಡುವಾಗ ಒಂದು ಗಾಡಿಗೂ ಜಾಗವಿರಲಿಲ್ಲ.

ನಿಜವಾದ ಕಷ್ಟ ಮರಳಿನದು. ರ‍್ಯಾಂಪ್ ಮುಗಿದ ಕೂಡಲೇ ಮುಂದಿನ ಸಣ್ಣ ಚಕ್ರಗಳು ಹೂತುಹೋದವು. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಹಿಮ್ಮುಖವಾಗಿ ಎಳೆಯಿರಿ ಎಂದು ಒಬ್ಬರು ಹೇಳಿದ್ದರು. ಹಾಗೇ ಮಾಡಿದೆವು, ಇಬ್ಬರು ಬೇಕಾಯಿತು. ಇಳಿತದ ಹೊತ್ತು ನೋಡಿಕೊಳ್ಳಿ ಎಂಬ ಸಲಹೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ನೀರು ಸರಿದ ಜಾಗದ ಒದ್ದೆ ಮರಳು ಗಟ್ಟಿಯಾಗಿರುತ್ತೆ ಅಲ್ವಾ, ಅಲ್ಲಿ ಚಕ್ರ ಸಲೀಸಾಗಿ ಉರುಳಿತು. ಒಂದು ವಿಷಯ ನೆನಪಿರಲಿ: ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಳೆಯ ಸಮಯ ನಂಬಿ ಹೊರಡಬೇಡಿ, ಆ ದಿನದ ಪಟ್ಟಿಯನ್ನೇ ನೋಡಿ.

ಅಮ್ಮನ ಪಾದಕ್ಕೆ ಅಲೆ ತಾಗಿತು. ಅವಳು ಮಾತೇ ಆಡಲಿಲ್ಲ, ನನ್ನ ಕೈ ಹಿಡಿದುಕೊಂಡಳು. ಅಷ್ಟಕ್ಕೇ ಅಲ್ವಾ ಹೋಗಿದ್ದು.

ಟಾಯ್ಲೆಟ್ ಚೊಕ್ಕವಾಗಿತ್ತು, ಆದರೆ ಬಾಗಿಲು ಕಿರಿದು. ಕುರ್ಚಿ ಒಳಗೆ ಹೋಗಲಿಲ್ಲ, ತುಂಬಾ ಬೇಜಾರಾಯಿತು. ಹೊರಡುವ ಮೊದಲು ಫೋನ್ ಮಾಡಿ, ಟಾಯ್ಲೆಟ್ ಇದೆಯಾ ಅಂತ ಸುಮ್ನೆ ಕೇಳಬೇಡಿ, ಬಾಗಿಲಿನ ಅಗಲ ಕೇಳಿ.

ಮನೆಗೆ ಬಂದ ಮೇಲೆ ಚಕ್ರಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿದೆ. ಉಪ್ಪು ಉಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಉತ್ತರ ಕೊಟ್ಟ ಎಲ್ಲರಿಗೂ ಅಮ್ಮ ಥ್ಯಾಂಕ್ಸ್ ಹೇಳಿದ್ದಾಳೆ.