ಹೆಚ್. ಪೈಲೋರಿ (ಹೊಟ್ಟೆಯ ಬ್ಯಾಕ್ಟೀರಿಯಾ) ಪಾಸಿಟಿವ್ ಬಂದಿದೆ, 14 ದಿನದ ಕೋರ್ಸ್ ಮಾಡಿದವರು ಅನುಭವ ಹೇಳಿ

ತುಮಕೂರು ಹುಡುಗ:
ಎಲ್ಲರಿಗೂ ನಮಸ್ಕಾರ. ವಯಸ್ಸು 34, ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ವರ್ಷದಿಂದ ಹೊಟ್ಟೆ ಉರಿ, ಎರಡು ತುತ್ತು ತಿಂದರೂ ಉಬ್ಬರ. ಎಂಡೋಸ್ಕೋಪಿ ಆಯ್ತು. ಹುಣ್ಣಿಲ್ಲ, ಗ್ಯಾಸ್ಟ್ರೈಟಿಸ್ (ಜಠರದ ಒಳಪದರದ ಉರಿಯೂತ) ಇದೆ, ಆರ್‌ಯುಟಿ (ಹೊಟ್ಟೆಯಿಂದ ತೆಗೆದ ಚೂರಿನಲ್ಲಿ ಆ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡೋ ಟೆಸ್ಟ್) ಪಾಸಿಟಿವ್. ಆಸಿಡ್ ಕಡಿಮೆ ಮಾಡೋ ಪ್ಯಾಂಟೊಪ್ರಜೋಲ್, ಜೊತೆಗೆ ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್ ಅನ್ನೋ ಎರಡು ಆಂಟಿಬಯಾಟಿಕ್ ಇರೋ ಕಿಟ್ 14 ದಿನಕ್ಕೆ ಬರೆದಿದ್ದಾರೆ. ಅಷ್ಟೊಂದು ಆಂಟಿಬಯಾಟಿಕ್ ಬೇಡ, ಕಷಾಯ ಮಾಡಿಕೊಡ್ತೀನಿ ಅಂತ ಅಮ್ಮ ಹಟ ಹಿಡಿದಿದ್ದಾರೆ. ನೈಟ್ ಶಿಫ್ಟ್‌ನಲ್ಲಿ ಮಾತ್ರೆ ಟೈಮ್ ಹೇಗೆ ಹೊಂದಿಸಿದ್ರಿ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಅವಳಿಗೂ ಟೆಸ್ಟ್ ಬೇಕಾ?

ತೀರ್ಥಹಳ್ಳಿ ಅಕ್ಕ:
ನಿಮ್ಮದೇ ಕಿಟ್ ನಾನೂ ತಗೊಂಡಿದ್ದು. ಕ್ಲಾರಿಥ್ರೊಮೈಸಿನ್ ನುಂಗಿದ ಅರ್ಧ ಗಂಟೆಗೆ ಬಾಯೆಲ್ಲಾ ಕಹಿ, ತಾಮ್ರದ ಚೊಂಬು ನೆಕ್ಕಿದ ಹಾಗೆ. ಕಾಫಿ ಕಹಿ, ಅನ್ನ ಕಹಿ, ನೀರೂ ಕಹಿ. ಒಂದು ಹೊತ್ತೂ ತಪ್ಪಿಸದೆ ಕೋರ್ಸ್ ಮುಗಿಸಿದೆ. ಎಂಡೋಸ್ಕೋಪಿಗೆ 4,200, ಬಯಾಪ್ಸಿಗೆ 1,800, ಕಿಟ್‌ಗೆ 1,350, ಶಿವಮೊಗ್ಗಕ್ಕೆ ಹೋಗಿ ಬರೋ ಖರ್ಚು ಬೇರೆ. "ಆಯ್ತಮ್ಮ, ಇನ್ನು ಬರೋದು ಬೇಡ" ಅಂದ್ರು ಆ ಡಾಕ್ಟ್ರು. ನಾಲ್ಕು ತಿಂಗಳಿಗೆ ಉರಿ ವಾಪಸ್. ಬೇರೆಯವರ ಹತ್ತಿರ ಹೋದೆ. ಕೋರ್ಸ್ ಆದ ಮೇಲೆ ಹೋಗಿದೆಯಾ ಅಂತ ಟೆಸ್ಟ್ ಮಾಡಿಸಿದ್ರಾ ಅಂದ್ರು. ಮಾಡಿಸಬೇಕು ಅಂತ ಹೇಳಿದವರೇ ಇಲ್ಲ! ಉಸಿರಿನ ಟೆಸ್ಟ್ ಮಾಡಿಸಿದ್ರೆ ಬ್ಯಾಕ್ಟೀರಿಯಾ ಅಲ್ಲೇ ಕೂತಿದೆ. ಕ್ಲಾರಿಥ್ರೊಮೈಸಿನ್‌ಗೆ ಅದು ಬಗ್ಗಿಲ್ಲ.

ಎರಡನೇ ಸಲ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಜೊತೆಗೆ ಗ್ಯಾಸ್ ಮಾತ್ರೆ. ಊಟಕ್ಕಿಂತ ಮಾತ್ರೆಯೇ ಜಾಸ್ತಿ. ಟೆಟ್ರಾಸೈಕ್ಲಿನ್ ಹುಡುಕೋಕೆ ನಮ್ಮೆಜಮಾನ್ರು ಶಿವಮೊಗ್ಗದ ಮೆಡಿಕಲ್‌ಗಳನ್ನೆಲ್ಲಾ ಸುತ್ತಿದ್ರು. ಬಿಸ್ಮತ್‌ಗೆ ಮಲ ಇದ್ದಿಲಿನ ಹಾಗೆ ಕಪ್ಪಗೆ ಬರುತ್ತೆ ಅಂತ ಯಾರೂ ಹೇಳಿರಲಿಲ್ಲ. ರಕ್ತ ಹೋಗ್ತಿದೆ ಅಂತ ರಾತ್ರೋರಾತ್ರಿ ಕಾರು ಬಾಡಿಗೆ ಮಾಡಿ ಓಡಿದ್ವಿ, ಅದಕ್ಕೆ 2,500. ಈಗ ನೆಗೆಟಿವ್.

ನಿವೃತ್ತ ಮೇಷ್ಟ್ರು, ದಾವಣಗೆರೆ:
ತಮ್ಮಾ, ತಾಯಿ ಮಾತು ಕೇಳು. ನನಗೂ ಇದೇ ರಿಪೋರ್ಟ್ ಬಂದಿತ್ತು. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದೆ. ಬೆಳಿಗ್ಗೆ ನೆನೆಸಿದ ಮೆಂತ್ಯ, ಮಧ್ಯಾಹ್ನ ಕಡೆದ ಮಜ್ಜಿಗೆ, ರಾತ್ರಿ ಏಳೂವರೆಗೆ ಊಟ. ಕರಿದದ್ದು ಬಿಟ್ಟೆ, ಬ್ಯಾಡಗಿ ಮೆಣಸಿನಕಾಯಿ ಅಡುಗೆಮನೆಗೇ ತರಿಸಲಿಲ್ಲ. ಆರು ವರ್ಷವಾಯಿತು, ಆರಾಮಾಗಿದ್ದೇನೆ. ನಮ್ಮ ದೇಶದಲ್ಲಿ ಅರ್ಧಕ್ಕರ್ಧ ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ. ಹೆಚ್ಚಿನವರಿಗೆ ಅದು ಇರುವುದೂ ಗೊತ್ತಾಗುವುದಿಲ್ಲ. ಅಷ್ಟೂ ಜನಕ್ಕೆ ಆಂಟಿಬಯಾಟಿಕ್ ಸುರಿಯುತ್ತಾ ಹೋದರೆ ಮುಂದೆ ನಿಜವಾಗಿ ಬೇಕಾದಾಗ ಯಾವ ಔಷಧಿ ಉಳಿಯುತ್ತದೆ?

ಲ್ಯಾಬ್ ಮಂಗಳೂರು:
ಮೇಷ್ಟ್ರೇ, ನಿಮ್ಮ ಹೊಟ್ಟೆ ನಿಮ್ಮದು. ಬೇರೆಯವರ ಮಗನಿಗೆ ಚೀಟಿ ಮಡಚಿಡು ಅಂತ ಹೇಳ್ಬೇಡಿ. ನನ್ನ ಅಪ್ಪನೂ ಹೀಗೇ, ಮಜ್ಜಿಗೆ, ಎಳನೀರು, ಜೀರಿಗೆ ನೀರು ಅಂತ ವರ್ಷಗಟ್ಟಲೆ ದೂಡಿದರು. ಊಟ ಇಳಿಯದೆ ತೂಕ ಇಳಿದ ಮೇಲೆ ಆಸ್ಪತ್ರೆಗೆ ಬಂದದ್ದು. ಜಠರದ ಕ್ಯಾನ್ಸರ್. ಅಪ್ಪ ಈಗ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಬೀಡಿ ಸಿಗರೇಟಿನ ಹೊಗೆ ಇರುವ ಗುಂಪು ಅದು. ಇದ್ದವರಿಗೆಲ್ಲ ಕ್ಯಾನ್ಸರ್ ಬರ್ತದೆ ಅಂತಲ್ಲ, ಹೆಚ್ಚಿನವರಿಗೆ ಬರುವುದಿಲ್ಲ. ಬರುವವರು ಯಾರು ಅಂತ ಮೊದಲೇ ಗೊತ್ತಾಗ್ತದಾ?

ಆರ್‌ಯುಟಿ ನಾನೇ ದಿನಾ ನೋಡ್ತೇನೆ. ಅಕ್ಕಿ ನುಚ್ಚಿನಷ್ಟು ಮಾಂಸದ ಚೂರನ್ನು ಹಳದಿ ಜೆಲ್‌ಗೆ ಹಾಕಿ ಇಡ್ತೇವೆ. ಬ್ಯಾಕ್ಟೀರಿಯಾ ಇದ್ದರೆ ಅದರ ಯೂರಿಯೇಸ್ ಎಂಬ ಕಿಣ್ವ ಅಲ್ಲಿನ ಯೂರಿಯಾವನ್ನು ಒಡೆದು ಅಮೋನಿಯಾ ಮಾಡ್ತದೆ, ಚೂರಿನ ಸುತ್ತ ಗುಲಾಬಿ ಬಣ್ಣ ಹಬ್ಬುತ್ತಾ ಬರ್ತದೆ. ಹೊಟ್ಟೆಯ ಆಸಿಡ್‌ನಲ್ಲಿ ಅದು ಬದುಕುವುದೂ ಅದೇ ಅಮೋನಿಯಾದಿಂದ. ಮೆಂತ್ಯ ತಿಂದರೆ ಉರಿ ಕಡಿಮೆ ಆಗಬಹುದು, ಬ್ಯಾಕ್ಟೀರಿಯಾ ಹೋಗುವುದಿಲ್ಲ ಮಾರಾಯ್ರೇ.

ಧಾರವಾಡ ಮಂದಿ:
ಬ್ಯಾಡಗಿ ಮೆಣಸಿನಕಾಯಿ ಏನ್ ಮಾಡ್ತ್ರೀ ಮೇಷ್ಟ್ರ ನಿಮಗ? ಹೊಟ್ಟ್ಯಾಗ ಏನಾದ್ರೂ ಆತಂದ್ರ ಎಲ್ಲಾರೂ ನಮ್ಮ ಖಾರದ ಮ್ಯಾಲ ಹಾಕ್ತೀರಿ. ನಮ್ಮಜ್ಜ ಸಾಯೂತನಾ ರೊಟ್ಟಿ ಜೋಡಿ ರಂಜಕ ಉಂಡಾನ, ಒಂದಿನ ಹೊಟ್ಟಿ ಅಂದಾಂವಲ್ಲ. ಖಾರ, ಟೆನ್ಶನ್ನು ಇವಕ್ಕ ಹುಣ್ಣ ಆಗತಾವ ಅಂತ ಡಾಕ್ಟರ್‌ಗಳೂ ಹೇಳ್ತಿದ್ರು, ಖರೆ. 1982ರಾಗ ಆಸ್ಟ್ರೇಲಿಯಾದ ಪರ್ತ್‌ನಾಗ ಮಾರ್ಷಲ್, ವಾರೆನ್ ಅಂತ ಇಬ್ರು ಈ ಬ್ಯಾಕ್ಟೀರಿಯಾ ಬೆಳಸಿ ತೋರಿಸಿದ್ರು. ಮಂದಿ ನಂಬಲಿಲ್ಲ. 1984ರಾಗ ಮಾರ್ಷಲ್ ತಾನ ಅದನ್ನ ಕುಡದು ಗ್ಯಾಸ್ಟ್ರೈಟಿಸ್ ತರಿಸ್ಕೊಂಡ. 2005ರಾಗ ಇಬ್ರಿಗೂ ನೊಬೆಲ್ ಬಂತು. ಇಷ್ಟ್ ಆದಮ್ಯಾಲೂ ನಮ್ಮನ್ಯಾಗ ಸೊಸಿ ನನಗ ಚಟ್ನಿಪುಡಿ ಡಬ್ಬಿ ಬಚ್ಚಿಡ್ತಾಳ, ಇಂಥಾ ಪೋಸ್ಟ್ ಓದಿಕೋತ!

ನಿವೃತ್ತ ಮೇಷ್ಟ್ರು, ದಾವಣಗೆರೆ:
ಖಾರದಿಂದ ಹುಣ್ಣು ಎಂದು ನಾನು ಬರೆದಿಲ್ಲ. ಬಿಟ್ಟೆ, ಹಗುರವಾಯಿತು ಎಂದೆ, ಅಷ್ಟೇ. ಮಂಗಳೂರಿನ ತಂಗಿ, ತಂದೆಯವರ ವಿಷಯ ಕೇಳಿ ಬೇಸರವಾಯಿತು. ಆದರೆ ಆಂಟಿಬಯಾಟಿಕ್ ಬಗ್ಗೆ ನಾನು ಕೇಳಿದ್ದಕ್ಕೆ ನೀವು ಉತ್ತರ ಕೊಟ್ಟಿಲ್ಲ. ತೀರ್ಥಹಳ್ಳಿಯವರಿಗೆ ಮೊದಲ ಕೋರ್ಸ್ ಹಿಡಿಯದೇ ಹೋದದ್ದು ಏಕೆ?

ತೀರ್ಥಹಳ್ಳಿ ಅಕ್ಕ:
ನನ್ನ ಹೆಸರು ಹಿಡಿದು ನಿಮ್ಮ ಮಜ್ಜಿಗೆ ಮಾರಬೇಡಿ ಮೇಷ್ಟ್ರೇ. ಶೀತ ಜ್ವರಕ್ಕೆಲ್ಲ ಅಂಗಡಿಯಲ್ಲಿ ಕೇಳಿ ಕೇಳಿ ಆಂಟಿಬಯಾಟಿಕ್ ನುಂಗಿದ ಊರು ನಮ್ಮದು. ಬ್ಯಾಕ್ಟೀರಿಯಾ ಗಟ್ಟಿಯಾಗಿದ್ದು ಅದರಿಂದ, ಕಾಯಿಲೆಗೆ ಸರಿಯಾದ ಕೋರ್ಸ್ ಮಾಡಿದ್ದರಿಂದಲ್ಲ.

ಮೈಸೂರು ನಿವಾಸಿ:
ನೀವೆಲ್ಲ ಜಗಳ ಆಡಿ, ನನ್ನ ಕಥೆ ಕೇಳಿ. ಕೋರ್ಸ್ ಮುಗಿಸಿ ಹೊಟ್ಟೆ ಸರಿಹೋಗಿತ್ತು. ಆಫೀಸಿನ ಹೆಲ್ತ್ ಚೆಕಪ್ಪಲ್ಲಿ ರಕ್ತದ ಟೆಸ್ಟಲ್ಲಿ ಹೆಚ್. ಪೈಲೋರಿ ಐಜಿಜಿ (ಒಂದು ಬಗೆಯ ಪ್ರತಿಕಾಯ) ಪಾಸಿಟಿವ್ ಅಂತ ಬಂತು. ಡಾಕ್ಟರೊಬ್ಬರು ಆ ಕಾಗದ ನೋಡಿ ಇನ್ನೊಂದು ಕೋರ್ಸ್ ಬರೆದರು. 1,900 ಕೊಟ್ಟು ತಂದು ನುಂಗಿದೆ. ಬೇಧಿ ಹಿಡಿದು ಡ್ರಿಪ್ ಹಾಕಿಸಿಕೊಂಡೆ, ಅದಕ್ಕೆ 6,800. ಮತ್ತೆ 900 ಕೊಟ್ಟು ರಕ್ತ ಟೆಸ್ಟ್, ಮತ್ತೆ ಪಾಸಿಟಿವ್! ಯಾವ ಟೆಸ್ಟನ್ನು ನಂಬೋದು ಹೇಳಿ?

ಲ್ಯಾಬ್ ಮಂಗಳೂರು:
ರಕ್ತದಲ್ಲಿ ಸಿಗುವುದು ನಿಮ್ಮ ದೇಹ ಮಾಡಿದ ಪ್ರತಿಕಾಯ. ಬ್ಯಾಕ್ಟೀರಿಯಾ ಹೋದ ಮೇಲೂ ಅದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳೀತದೆ. ಹೋಗಿದೆಯಾ ಅಂತ ನೋಡುವುದಕ್ಕೆ ಉಸಿರಿನ ಟೆಸ್ಟ್ ಅಥವಾ ಮಲದ ಆಂಟಿಜೆನ್ ಟೆಸ್ಟ್ ಮಾಡಿಸಿ. ಅದೂ ಆಂಟಿಬಯಾಟಿಕ್, ಬಿಸ್ಮತ್ ಮುಗಿದು ಕಡಿಮೆ ಅಂದ್ರೆ 4 ವಾರ, ಪ್ಯಾಂಟೊಪ್ರಜೋಲ್ ನಿಲ್ಲಿಸಿ 2 ವಾರ ಆದ ಮೇಲೆ. ಮಾತ್ರೆ ತಿಂತಾ ಬಂದು ಊದಿದರೆ, ಬ್ಯಾಕ್ಟೀರಿಯಾ ಇದ್ದರೂ ನೆಗೆಟಿವ್ ಬರಬಹುದು. ಎಷ್ಟು ಸಲ ಹೇಳಿ ವಾಪಸ್ ಕಳಿಸ್ತೇವೆ, ಬೈಸಿಕೊಳ್ಳುವುದೂ ನಾವೇ.

ಮೈಸೂರು ನಿವಾಸಿ:
ಅಂದ್ರೆ ಎರಡನೇ ಕೋರ್ಸ್ ಬೇಕಾಗಿರಲೇ ಇಲ್ಲವೇನೋ! ಇದನ್ನ ನನಗೆ ಯಾಕೆ ಯಾರೂ ಹೇಳಲಿಲ್ಲ? ಆ ರಕ್ತದ ಟೆಸ್ಟನ್ನ ಪ್ಯಾಕೇಜಲ್ಲಿ ಸೇರಿಸಿ ಮಾರೋರನ್ನ ಕೇಳೋರೇ ಇಲ್ವಾ?

ತುಮಕೂರು ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಮಗಳ ವಿಷಯ, ನೈಟ್ ಶಿಫ್ಟ್ ವಿಷಯ ಯಾರಾದ್ರೂ ಹೇಳಿ ಪ್ಲೀಸ್.

ಲ್ಯಾಬ್ ಮಂಗಳೂರು:
ಹೆಚ್ಚಾಗಿ ಚಿಕ್ಕಂದಿನಲ್ಲೇ ಮನೆಯವರಿಂದ ಹರಡುವುದು ಹೌದು. ಆದರೆ ಆರಾಮಾಗಿ ಆಡಿಕೊಂಡಿರುವ ಮಗುವಿಗೆ ಸಾಮಾನ್ಯವಾಗಿ ಟೆಸ್ಟ್ ಮಾಡಿಸುವುದಿಲ್ಲ. ತುತ್ತು ಅಗಿದು ಬಾಯಿಗೆ ಇಡುವುದು, ನಿಮ್ಮ ಚಮಚದಲ್ಲೇ ತಿನ್ನಿಸುವುದು ಬಿಡಿ. ಹೊಟ್ಟೆನೋವು, ವಾಂತಿ ಇದ್ದರೆ ಮಕ್ಕಳ ಡಾಕ್ಟ್ರಿಗೆ ತೋರಿಸಿ.

ಧಾರವಾಡ ಮಂದಿ:
ನಮ್ಮ ಮಗಾನೂ ಪಾಳಿ ಕೆಲಸಾನ ಮಾಡ್ತಾನ. ಮೊಬೈಲ್‌ನಾಗ ಮುಂಜಾನೆ ಎಂಟಕ್ಕ, ಸಂಜಿ ಎಂಟಕ್ಕ ಅಲಾರಾಂ ಇಟ್ಟಿದ್ದ. ಪಾಳಿ ಬದಲಾದ್ರೂ ಮಾತ್ರಿ ಟೈಮ್ ಬದಲ ಮಾಡಲಿಲ್ಲ. ಜೋಡಿ ಒಂದ್ ರೊಟ್ಟಿ ಇರ್ಲಿ, ಬರೇ ಹೊಟ್ಟ್ಯಾಗ ಅಮಾಕ್ಸಿಸಿಲಿನ್ ನುಂಗಿದ್ರ ಅಂವಗ ವಾಕರಿಕಿ ಬರ್ತಿತ್ತು. ಚಟ್ನಿಪುಡಿ ಹಚ್ಕೊಂಡ್ರೂ ಏನೂ ಆಗಲಿಲ್ಲ, ಮೇಷ್ಟ್ರಿಗೆ ಹೇಳ್ರಿ.

ನಿವೃತ್ತ ಮೇಷ್ಟ್ರು, ದಾವಣಗೆರೆ:
ಚಟ್ನಿಪುಡಿ ವಿಷಯ ಇಲ್ಲಿಗೆ ಸಾಕು. ಕೋರ್ಸ್ ಮಾಡುವುದೇ ಆದರೆ ಮೊಸರು ಮಾತ್ರ ಬಿಡಬೇಡ ತಮ್ಮಾ, ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ.

ತೀರ್ಥಹಳ್ಳಿ ಅಕ್ಕ:
ಮೊಸರು ಅವರ ಕಿಟ್‌ಗೆ ಅಡ್ಡಿಯಿಲ್ಲ. ಟೆಟ್ರಾಸೈಕ್ಲಿನ್ ತಗೊಳ್ಳೋರು ಮಾತ್ರ ಮಾತ್ರೆ ಜೊತೆಗೆ ಹಾಲು, ಮೊಸರು ಮುಟ್ಟಬಾರದು, ಔಷಧಿ ಮೈಗೆ ಹತ್ತಲ್ಲ. ತುಮಕೂರಿನವರೇ, 14 ದಿನದ್ದೂ ಒಂದೇ ಸಲ ತಗೊಂಡು ಮನೆಗೆ ಬನ್ನಿ. ಎರಡನೇ ವಾರದ್ದು ತರೋಕೆ ಹೋದಾಗ ಸ್ಟಾಕ್ ಇಲ್ಲ ಅಂತ ನನಗೆ 500ರ ಬದಲು 250 ಮಿಲಿಗ್ರಾಂ ಪಟ್ಟಿ ಕೊಟ್ಟಿದ್ರು, ಚೀಟಿ ಜೊತೆ ಹಿಡಿದು ನೋಡಿದಾಗಲೇ ಗೊತ್ತಾಗಿದ್ದು.