ಟೈಮಿಂಗ್ ಬೆಲ್ಟ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: 4 ಸಿಲಿಂಡರ್ ಪೆಟ್ರೋಲ್ ಕಾರು, ಮ್ಯಾನ್ಯುವಲ್ ಗೇರ್, 7 ವರ್ಷ, 82,000 ಕಿ.ಮೀ. ಟೈಮಿಂಗ್ ಬೆಲ್ಟ್ ಇನ್ನೂ ಕಂಪನಿಯದೇ. ಮೇಲಿನ ಕವರ್ ಬಿಚ್ಚಿ ನೋಡಿದೆ, ಬಿರುಕೇನೂ ಇಲ್ಲ. ಬ್ರೇಕ್ ಪ್ಯಾಡ್, ಸ್ಪಾರ್ಕ್ ಪ್ಲಗ್ ನಾನೇ ಹಾಕಿಕೊಳ್ಳುತ್ತೇನೆ. ಇದನ್ನೂ ಮಾಡಬಹುದಾ ಸರ್? ಬೆಲ್ಟ್ ಒಂದೇ ತಂದರೆ ಸಾಕಾ?

ಉತ್ತರ: ಮಾಡಬಹುದು, ಆದರೆ ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನ್ಯುವಲ್ ಕೈಯಲ್ಲಿರಬೇಕು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಮತ್ತು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹೊಂದಿಕೆಯಲ್ಲಿ ತಿರುಗುವಂತೆ ಮಾಡುವುದೇ ಈ ಬೆಲ್ಟ್. ಇವೆರಡನ್ನು ಕೂಡಿಸುವ ಮಾರ್ಕ್ ಎಲ್ಲಿದೆ, ಯಾವ ಬೋಲ್ಟಿಗೆ ಎಷ್ಟು ಟಾರ್ಕ್ (ಬಿಗಿಯುವ ಬಲ) ಅನ್ನುವುದು ಇಂಜಿನ್ನಿಂದ ಇಂಜಿನ್ನಿಗೆ ಬೇರೆ. ಬಿರುಕಿಲ್ಲ ಎಂದು ನಂಬಿ ಕೂರಬೇಡಿ. ಹೊರಗಿನ ರಬ್ಬರ್ ಚೆನ್ನಾಗಿದ್ದರೂ ಒಳಗಿನ ಫೈಬರ್‌ಗ್ಲಾಸ್ ಎಳೆಗಳು ಸೋತಿರಬಹುದು. ಮ್ಯಾನ್ಯುವಲ್‌ನಲ್ಲಿ ಹೇಳಿರುವ ಕಿ.ಮೀ. ಅಥವಾ ವರ್ಷ, ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಹೆಚ್ಚಿನ ಇಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಹೆಡ್ ಇಳಿಸಲೇಬೇಕು.

ಬೆಲ್ಟ್ ಒಂದೇ ಸಾಲದು. ಟೆನ್ಷನರ್ (ಬೆಲ್ಟ್ ಬಿಗಿಯಾಗಿಡುವ ಪುಲ್ಲಿ), ಐಡ್ಲರ್ ಪುಲ್ಲಿ (ಬೆಲ್ಟಿಗೆ ದಾರಿ ತೋರುವ ಪುಲ್ಲಿ) ಸೇರಿದ ಕಿಟ್ ತನ್ನಿ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವುದಾದರೆ ಪಂಪ್, ಗ್ಯಾಸ್ಕೆಟ್, ಕೂಲೆಂಟ್ ಕೂಡ. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್ ಒಸರುತ್ತಿದ್ದರೆ ಈಗಲೇ ಹಾಕಿ. ಎಣ್ಣೆ ಬಿದ್ದ ಹೊಸ ಬೆಲ್ಟ್ ಬೇಗ ಹಾಳಾಗುತ್ತದೆ. ಕ್ರ್ಯಾಂಕ್ ಬೋಲ್ಟ್ ಒಂದೇ ಸಲ ಬಳಸುವಂಥದ್ದಾದರೆ ಅದೂ ಹೊಸದು ಬೇಕು.

ಪ್ರಶ್ನೆ: ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಅಲುಗುತ್ತಿಲ್ಲ. ಸ್ಪ್ಯಾನರ್ ಸಿಕ್ಕಿಸಿ ಸ್ಟಾರ್ಟರ್ ಹೊಡೆದರೆ ಬಿಡುತ್ತದೆ ಅಂತಾರೆ, ನಿಜವೇ?

ಉತ್ತರ: ಬಿಡುತ್ತದೆ, ಸ್ಪ್ಯಾನರ್ ಜಾರಿದರೆ ಕೈಯೂ ಮುರಿಯುತ್ತದೆ. ಬೇಡ. ಪುಲ್ಲಿ ಹಿಡಿಯುವ ಟೂಲ್, ಉದ್ದನೆಯ ಬ್ರೇಕರ್ ಬಾರ್ ಬಳಸಿ. ಟೂಲ್ ಇಲ್ಲದಿದ್ದರೆ, ಚಕ್ರ ಬಿಚ್ಚುವ ಮೊದಲೇ 5ನೇ ಗೇರಿಗೆ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಕ್ಯಾಮ್ ಅಲುಗದಂತೆ ಹಿಡಿಯುವ ಲಾಕ್ ಪಿನ್ನಿನ ಮೇಲೆ ಭಾರ ಹಾಕಿ ಬೋಲ್ಟ್ ತಿರುಗಿಸಿದರೆ ಪಿನ್ ಮುರಿದೀತು, ಕ್ಯಾಮ್ ಕೆಟ್ಟೀತು. ಆದ್ದರಿಂದ ಬೋಲ್ಟ್ ಮೊದಲು ಸಡಿಲವಾಗಲಿ, ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಸ್ಥಾನಕ್ಕೆ) ತಂದು ಲಾಕ್ ಹಾಕುವುದು ಆಮೇಲೆ.

ಪ್ರಶ್ನೆ: ಆಮೇಲಿನ ಕ್ರಮ?

ಉತ್ತರ: ಇಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ಮೈನಸ್ ಬಿಚ್ಚಿ, ಕಾರನ್ನು ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಬೆಲ್ಟ್ ಇರುವ ಬದಿಯ ಚಕ್ರ, ಆಲ್ಟರ್ನೇಟರ್ ಬೆಲ್ಟ್ ತೆಗೆಯಿರಿ. ಇಂಜಿನ್ ಮೌಂಟ್ ಅಡ್ಡ ಬಂದರೆ, ಅದನ್ನು ಬಿಚ್ಚುವ ಮೊದಲು ಆಯಿಲ್ ಸಂಪ್ ಕೆಳಗೆ ಮರದ ಹಲಗೆ ಇಟ್ಟು ಜಾಕ್‌ನಿಂದ ಆನಿಸಿ. ಸ್ಪಾರ್ಕ್ ಪ್ಲಗ್ ತೆಗೆದರೆ ಕ್ರ್ಯಾಂಕ್ ಕೈಯಲ್ಲೇ ಸಲೀಸಾಗಿ ತಿರುಗುತ್ತದೆ.

1ನೇ ಸಿಲಿಂಡರ್ ಟಿಡಿಸಿಗೆ ತಂದು ಕ್ಯಾಮ್, ಕ್ರ್ಯಾಂಕ್ ಮಾರ್ಕ್ ಕೂಡಿಸಿ (ಕೆಲವು ಇಂಜಿನ್‌ಗಳಲ್ಲಿ ಸ್ಥಾನ ಬೇರೆ ಇರುತ್ತದೆ), ಲಾಕ್ ಹಾಕಿ. ಹಳೆ ಬೆಲ್ಟ್ ಹಾಗೂ ಪುಲ್ಲಿಗಳ ಮೇಲೆ ವೈಟ್‌ನರ್‌ನಿಂದ ಗೆರೆ ಎಳೆದು, ಫೋಟೊ ತೆಗೆದಿಟ್ಟುಕೊಳ್ಳಿ. ಟೆನ್ಷನರ್ ಸಡಿಲಿಸಿ ಬೆಲ್ಟ್ ಬಿಡಿಸಿದ ಮೇಲೆ ಕ್ರ್ಯಾಂಕ್, ಕ್ಯಾಮ್ ಎರಡನ್ನೂ ಅಲುಗಿಸಬೇಡಿ. ಹಳೆಯದರ ಪಕ್ಕ ಹೊಸದನ್ನಿಟ್ಟು ಹಲ್ಲು ಎಣಿಸಿ, ಅಗಲ ನೋಡಿ. ಹೊಸದನ್ನು ಮಡಚಬಾರದು, ಸ್ಕ್ರೂಡ್ರೈವರ್‌ನಿಂದ ಮೀಟಿ ಏರಿಸಲೂಬಾರದು.

ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರ್ ಬದಿಗೇ ಬರಬೇಕು. ಇಲ್ಲಿ ತಪ್ಪಿದರೆ ಟೆನ್ಷನ್ ಕೊಟ್ಟ ಕೂಡಲೇ ಒಂದು ಹಲ್ಲು ಜರುಗುತ್ತದೆ. ಟೆನ್ಷನರ್ ಮುಳ್ಳನ್ನು ಗುರುತಿಗೆ ತಂದು, ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ.

ಇನ್ನೊಬ್ಬರ ಉತ್ತರ: ಇದರ ಜೊತೆ ಒಂದು ಮಾತು. ಲಾಕ್‌ಗಳನ್ನೆಲ್ಲ ತೆಗೆದು, ಇಂಜಿನ್ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ಕೈಯಿಂದ ಪೂರ್ತಿ 2 ಸುತ್ತು ತಿರುಗಿಸಿ. ಕ್ಯಾಮ್ ಆಗ 1 ಸುತ್ತು ಮುಗಿಸಿರುತ್ತದೆ, ಪುಲ್ಲಿ ಮಾರ್ಕ್‌ಗಳು ಮತ್ತೆ ಕೂಡಬೇಕು. ಬೆಲ್ಟಿನ ಮೇಲಿನ ಗೆರೆ ಈಗ ಕೂಡದಿದ್ದರೆ ಗಾಬರಿ ಬೇಡ, ಅದು ಬೇರೆ ಜಾಗಕ್ಕೆ ಹೋಗಿರುತ್ತದೆ. ತಿರುಗಿಸುವಾಗ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು.

ಪ್ರಶ್ನೆ: ಹಾಕಿದ ಮೇಲೆ ಸದ್ದು ಬಂದರೆ?

ಉತ್ತರ: ವೇಗದ ಜೊತೆ ಏರುವ ಸಿಳ್ಳೆ ಸದ್ದಾದರೆ ಬೆಲ್ಟ್ ತೀರಾ ಬಿಗಿ ಇದೆ, ಬೇರಿಂಗ್ ತಿನ್ನುತ್ತದೆ. ಕವರಿಗೆ ಪಟಪಟ ಬಡಿದರೆ ಸಡಿಲ. ಐಡಲ್ ನಡುಗಿ, ಚೆಕ್ ಇಂಜಿನ್ ದೀಪ ಹತ್ತಿ ಸ್ಕ್ಯಾನರ್‌ನಲ್ಲಿ ಪಿ0016 ಕೋಡ್ (ಕ್ರ್ಯಾಂಕ್, ಕ್ಯಾಮ್ ಹೊಂದಾಣಿಕೆ ತಪ್ಪಿದೆ ಎಂಬ ಸೂಚನೆ) ಬಂದರೆ ಹಲ್ಲು ತಪ್ಪಿರುವ ಸಾಧ್ಯತೆಯೇ ಹೆಚ್ಚು. ಆಗ ಇಂಜಿನ್ ತಕ್ಷಣ ಆಫ್ ಮಾಡಿ ಕವರ್ ಮತ್ತೆ ಬಿಚ್ಚಿ, ಓಡಿಸಿ ನೋಡುವುದು ಬೇಡ.