ಮೆಕ್ಸಿಕೋದಲ್ಲಿ ಒಂದೇ ಪಾರ್ಟಿ 71 ವರ್ಷ ಆಳಿದ್ದು ಹೇಗೆ?

ಪ್ರಶ್ನೆ: ಪಿಆರ್‌ಐ (ಇನ್‌ಸ್ಟಿಟ್ಯೂಷನಲ್ ರೆವಲ್ಯೂಷನರಿ ಪಾರ್ಟಿ) 1929ರಿಂದ 2000ದವರೆಗೂ ಅಧಿಕಾರದಲ್ಲಿತ್ತಂತೆ, ಎಲೆಕ್ಷನ್ನೂ ತಪ್ಪದೆ ನಡೀತಿತ್ತು, ಮತ್ತೆ ಜನ ಹೇಗೆ ಸುಮ್ನಿದ್ರು? ತಿಳಿದವ್ರು ಸ್ವಲ್ಪ ಹೇಳಿ.

ಮಲ್ನಾಡಿಗ: ಶುರುವಲ್ಲಿ ಹೆಸರು ಬೇರೆ ಇತ್ತು ಸರ್, ಪಿಆರ್‌ಐ ಆಗಿದ್ದು 1946ರಲ್ಲಿ. ಅಧ್ಯಕ್ಷನಿಗೆ ಆರೇ ವರ್ಷ, ಮತ್ತೆ ನಿಲ್ಲಂಗಿಲ್ಲ, ಆದ್ರೆ ಮುಂದಿನವನು ಯಾರು ಅಂತ ಇವನೇ ಒಳಗೊಳಗೇ ಫಿಕ್ಸ್ ಮಾಡ್ತಿದ್ದ, ರೈತ ಸಂಘ ಕಾರ್ಮಿಕ ಯೂನಿಯನ್ ಎಲ್ಲಾ ಪಾರ್ಟಿ ಜೇಬಲ್ಲೇ.

ಚಹಾಪ್ರಿಯ: ಸುಮ್ನಿದ್ರು ಅಂತ ಯಾರ್ ಹೇಳಿದ್ದು ಗುರು? 1968ರ ಅಕ್ಟೋಬರ್ 2, ಒಲಿಂಪಿಕ್ಸ್‌ಗೆ ಹತ್ತೇ ದಿನ ಇದ್ದಾಗ ಮೆಕ್ಸಿಕೋ ಸಿಟಿಯ ತ್ಲಾತೆಲೋಲ್ಕೊ ಚೌಕದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ್ರು, ಎಷ್ಟು ಜನ ಸತ್ರು ಅಂತ ಇವತ್ತಿಗೂ ಸರಿ ಲೆಕ್ಕ ಇಲ್ಲ.

ಮಲ್ನಾಡಿಗ: ಹೌದೌದು. 1988ರ ಅಧ್ಯಕ್ಷರ ಎಲೆಕ್ಷನ್ ಅಂತೂ ಕಾಮಿಡಿ, ಎಣಿಕೆ ನಡೀತಿದ್ದಾಗ್ಲೇ ಸಿಸ್ಟಮ್ ಡೌನ್ ಅಂದ್ಬಿಟ್ರು, ಆಮೇಲೆ ನೋಡಿದ್ರೆ ಪಿಆರ್‌ಐ ಕ್ಯಾಂಡಿಡೇಟ್ ಸಾಲಿನಾಸ್ ಗೆದ್ದಿದ್ದ, ಬ್ಯಾಲೆಟ್ ಪೇಪರ್‌ಗಳನ್ನೂ ಕೆಲವು ವರ್ಷ ಬಿಟ್ಟು ಸುಟ್ಟೇ ಹಾಕಿದ್ರು.